ಜಗಲಿಯ ಮಾತು ಲೆಕ್ಕಕ್ಕಿಲ್ವಾ?

ಬಡವರ ಮನೆ ಮಕ್ಕಳು ಸ್ಥಿತಿವಂತರ ಮನೆ ಮಕ್ಕಳಿಗಿಂತ ನಾಲ್ಕು ವರ್ಷದೊಳಗೆ 3 ಕೋಟಿ ಪದ ಕಡಿಮೆ ಕೇಳುತ್ತಾರೆ ಎಂದು ಬರೆದಿದ್ದೀರಿ. ಅದು ಹಾರ್ಟ್ ಮತ್ತು ರಿಸ್ಲಿ ಎಂಬ ಸಂಶೋಧಕರು 1995ರಲ್ಲಿ ಕೊಟ್ಟ ಅಂದಾಜು. ನೋಡಿದ್ದು ಅಮೆರಿಕದ ಕಾನ್ಸಾಸ್‌ನ 42 ಮನೆ. ಅದರಲ್ಲಿ ಸರ್ಕಾರದ ನೆರವಿನ ಮೇಲಿದ್ದವು ಬರೀ 6! ಎಣಿಸಿದ್ದೂ ಮಗುವಿಗೆ ನೇರವಾಗಿ ಹೇಳಿದ ಮಾತನ್ನೇ. ನಮ್ಮ ಉಡುಪಿ ಕಡೆ ಅಮ್ಮ ಬೀಡಿ ಕಟ್ಟುತ್ತಾ ಅಜ್ಜಿ, ನೆರೆಮನೆಯವರ ಜೊತೆ ಮಾತಾಡುವುದನ್ನು ಮಗು ಪಕ್ಕದಲ್ಲೇ ಕೂತು ಕೇಳುತ್ತದೆ, ಅಲ್ವಾ? ಮಗುವಿಗೇ ಆಡಿದ ಮಾತಿನಿಂದ ಕಲಿಕೆ ಜಾಸ್ತಿ ಅನ್ನುವುದು ನಿಜ, ಒಪ್ಪುತ್ತೇನೆ. ಆದರೆ ಮಗುವಿಗೆ ಎಷ್ಟು ಪದ ಗೊತ್ತು ಅಂತ ಅಳೆಯುವ ಭಾಷೆ ಯಾವುದು? ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ, ಪರೀಕ್ಷೆ ಮಾತ್ರ ಕನ್ನಡದಲ್ಲಿ. ಅಕ್ಕನ ಮಗ ಬೆಕ್ಕಿನ ಚಿತ್ರ ನೋಡಿ "ಪುಚ್ಚೆ" ಅಂದ. ತುಳುವಿನಲ್ಲಿ ಬೆಕ್ಕಿಗೆ ಹಾಗೇ ಅನ್ನುವುದು. ತಪ್ಪು ಅಂತ ಹಾಕಿಬಿಟ್ಟರು.