ಮಧ್ಯಾಹ್ನದ ಬಿಸಿಲಲ್ಲಿ ಹಳಿ ಕಾಯುವವರು

ಏಪ್ರಿಲ್ ಬಂತೆಂದರೆ ಕಲಬುರಗಿ ಕಡೆ ಸರ್ಕಾರಿ ಕಚೇರಿಗಳ ಸಮಯ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮನೆಗೆ. ಒಳ್ಳೆಯ ಪದ್ಧತಿ. 42 ಡಿಗ್ರಿ ಬಿಸಿಲಲ್ಲಿ ಜನರನ್ನು ದುಡಿಸಬಾರದು. ಆದರೆ ರಾಯಚೂರು, ಯಾದಗಿರಿ, ವಾಡಿ, ಶಹಾಬಾದ ಮಾರ್ಗದಲ್ಲಿ ಅದೇ ಹೊತ್ತಿಗೆ ಹಳಿಯ ಮೇಲೆ ನಡೆಯಲೇಬೇಕಾದವರು ಇದ್ದಾರೆ. ಹಳಿ ಸರಿಯಿದೆಯೇ ಎಂದು ನೋಡುತ್ತಾ ಗಸ್ತು ತಿರುಗುವ ಟ್ರ್ಯಾಕ್‌ಮನ್‌ಗಳು. ನಮ್ಮಲ್ಲಿ ಈಗಲೂ ಗ್ಯಾಂಗ್‌ಮನ್ ಅಂತಲೇ ಕರೆಯುತ್ತಾರೆ.

ಮಧ್ಯಾಹ್ನವೇ ಯಾಕೆ? ಹಳಿಗೆ ಅಪಾಯದ ಹೊತ್ತು ಅದೇ. ಗಾಳಿ 42 ಡಿಗ್ರಿ ಇದ್ದರೆ ಹಳಿ 60 ಡಿಗ್ರಿ ಮುಟ್ಟುತ್ತದೆ. ಒಂದು ಕಿಲೋಮೀಟರ್ ಹಳಿಯನ್ನು ಸುಮ್ನೆ ಬಿಟ್ಟರೆ, 40 ಡಿಗ್ರಿ ಬಿಸಿ ಏರುವಷ್ಟರಲ್ಲಿ ಅದು ಸುಮಾರು 46 ಸೆಂಟಿಮೀಟರ್ ಬೆಳೆಯುತ್ತದೆ. ಹಿಂದೆ 13 ಮೀಟರಿನ ತುಂಡುಗಳ ನಡುವೆ ಸಂದು ಬಿಡುತ್ತಿದ್ದರು. ಈಗ ಉದ್ದಕ್ಕೂ ವೆಲ್ಡಿಂಗ್. ಹಿಗ್ಗಲು ಜಾಗವೇ ಇಲ್ಲ. ಹಳಿಯ ಕೆಳಗೆ ಅಡ್ಡಲಾಗಿ ಹಾಕಿರುವ ಸ್ಲೀಪರ್, ಜಲ್ಲಿ ಎರಡೂ ಹಳಿಯನ್ನು ಗಟ್ಟಿಯಾಗಿ ಹಿಡಿದಿರುತ್ತವೆ. ಹಿಗ್ಗಲಾಗದ ಹಳಿಯೊಳಗೆ ಒತ್ತಡ ಕೂಡಿಕೊಳ್ಳುತ್ತದೆ. ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ ಒಂದೊಂದು ಡಿಗ್ರಿಗೂ ಹತ್ತಿರಹತ್ತಿರ 2 ಟನ್. ಹಳಿಯನ್ನು ಬಿಗಿದಾಗ ಇದ್ದ ಉಷ್ಣತೆಗಿಂತ 20 ಡಿಗ್ರಿ ಜಾಸ್ತಿಯಾದರೆ 35 ಟನ್ ದಾಟುತ್ತದೆ!

ಅದಕ್ಕೇ ಹಳಿಯನ್ನು ಯಾವ ಉಷ್ಣತೆಯಲ್ಲಿ ಬಿಗಿಯಬೇಕು ಅನ್ನೋದನ್ನು ಆಯಾ ಊರಿನ ಬಿಸಿಲು, ಚಳಿ ನೋಡಿ ಮೊದಲೇ ಲೆಕ್ಕ ಹಾಕುತ್ತಾರೆ. ಚಳಿಗಾಲದಲ್ಲಿ ಇದೇ ಹಳಿ ಕುಗ್ಗಲು ಹೋಗಿ ಬಿರುಕು ಬಿಡಬಹುದು. ಆಗ ಗಸ್ತು ರಾತ್ರಿ ಹೊತ್ತಿನಲ್ಲಿ.

ಬೇಸಿಗೆಯಲ್ಲಿ ಎಲ್ಲೋ ಜಲ್ಲಿ ಸಡಿಲವಾಗಿದ್ದರೆ ಸಾಕು, ಹಳಿ ಪಕ್ಕಕ್ಕೆ ಸೊಟ್ಟಗಾಗುತ್ತದೆ. ಅದರ ಮೇಲೆ ರೈಲು ಜೋರಾಗಿ ಬಂದರೆ ಏನಾಗುತ್ತದೆ ಹೇಳಬೇಕಿಲ್ಲ. ಅನುಮಾನ ಬಂದ ಜಾಗದಲ್ಲಿ ವೇಗ ಇಳಿಸಲು ಹೇಳುವುದು ಇದೇ ಕಾರಣಕ್ಕೆ. ಮೇ ತಿಂಗಳಲ್ಲಿ ರೈಲು ನಿಧಾನವಾದರೆ ಬೋಗಿಯಲ್ಲಿ ಬೈಗುಳ ಶುರುವಾಗುತ್ತದೆ. ಜನರಲ್ ಬೋಗಿಯಲ್ಲಿ ಬೆವರುತ್ತಾ ಕೂತವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ, ಆ ಅರ್ಧ ಗಂಟೆ ಹಾಳಾಗಿಲ್ಲ. ನಮ್ಮ ಜೀವಕ್ಕಾಗಿ ಖರ್ಚಾಗಿದೆ.

ಇಂಗ್ಲೆಂಡಿನಲ್ಲಿ 2022ರ ಜುಲೈನಲ್ಲಿ ಮೊದಲ ಸಲ 40 ಡಿಗ್ರಿ ದಾಟಿದಾಗ ಎಷ್ಟೋ ರೈಲುಗಳನ್ನು ನಿಲ್ಲಿಸಿದರು. ಅಲ್ಲಿನ ಹಳಿಗಳನ್ನು ಬಿಗಿಯುವುದು 27 ಡಿಗ್ರಿ ಲೆಕ್ಕದಲ್ಲಿ. ನಮ್ಮ ಹಳಿಗಳನ್ನು ನಮ್ಮ ಬಿಸಿಲಿಗೆ ತಕ್ಕಂತೆ ಹೊಂದಿಸಿದ್ದೇವೆ, ಸಂತೋಷ. ಆದರೆ ಅದರ ಪಕ್ಕ ನಡೆಯುವ ಮನುಷ್ಯನ ಮೈ? ಅದು 37 ಡಿಗ್ರಿಯದ್ದೇ ಅಲ್ವಾ?

ಯಾದಗಿರಿ ದಾಟಿದ ಮೇಲೆ ಕಿಟಕಿಯಿಂದ ನೋಡಿ. ಎಷ್ಟೋ ದೂರ ಒಂದು ಮರ ಇಲ್ಲ. ಕೆಳಗೆ ಕಾದ ಜಲ್ಲಿ, ಪಕ್ಕದಲ್ಲಿ ಕಾದ ಕಬ್ಬಿಣ. ಸಲಕರಣೆ, ಬಾವುಟ ಹೊತ್ತು ಆತ ನಡೆಯುತ್ತಿರುತ್ತಾನೆ. ಕಚೇರಿಯವರ ಹಾಗೆ ಅವರ ಸಮಯ ಬದಲಿಸಲು ಆಗುವುದಿಲ್ಲ, ಒಪ್ಪುತ್ತೇನೆ. ಹಾಗಿದ್ದರೆ ಉಳಿದದ್ದನ್ನಾದರೂ ಬದಲಿಸಬೇಕು. ಒಬ್ಬೊಬ್ಬರ ಸರದಿ ಚಿಕ್ಕದಾಗಲಿ. ಒಂಟಿಯಾಗಿ ಕಳಿಸುವುದು ಬೇಡ, ತಲೆ ಸುತ್ತಿ ಬಿದ್ದರೆ ನೋಡುವವರು ಬೇಕು. ಎರಡು ಕಿಲೋಮೀಟರಿಗೊಂದು ನೆರಳು, ತಣ್ಣನೆ ನೀರು, ಓಆರ್‌ಎಸ್ ಇರಲಿ. ಮುಂದಿನ ಮಾರ್ಚ್ ಮುಗಿಯುವ ಮೊದಲೇ ಇದಾಗಬೇಕು.