‘ಹೆದರಬೇಡ’ ಅನ್ನುವುದನ್ನು ನಿಲ್ಲಿಸ್ತೀರಾ?
ಈಗಷ್ಟೇ ಮಕ್ಕಳ ಸಂಗೀತ ಕಾರ್ಯಕ್ರಮ ಮುಗಿಸಿಕೊಂಡು ಬಂದೆ. ತಲೆ ಕೆಟ್ಟಿದೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಎಂಟು ವರ್ಷದ ಹುಡುಗಿ, ಕೈಯಲ್ಲಿ ಪುಟಾಣಿ ಪಿಟೀಲು. ಎಲ್ಲರಿಗಿಂತ ಚಿಕ್ಕವಳು, ಸರದಿ ಮಾತ್ರ ಹದಿನಾಲ್ಕನೆಯದು! ಪರದೆ ಹಿಂದೆ ಕಾಯುತ್ತಿದ್ದ ಅವಳಿಗೆ ಅಪ್ಪ, ಅಮ್ಮ, ಟೀಚರ್, ಕೊನೆಗೆ ಮೈಕ್ ಸರಿ ಮಾಡುವವನೂ ಹೇಳಿದ್ದು ಒಂದೇ ಮಾತು: "ಹೆದರಬೇಡ ಪುಟ್ಟಿ." ಏಳು ಸಲ ಎಣಿಸಿದೆ. ಮೊದಲ ಸಲ ಹೇಳಿದಾಗ ಅವಳು ಜಡೆ ತಿರುವುತ್ತಾ ಆರಾಮಾಗಿದ್ದಳು. ಏಳನೇ ಸಲಕ್ಕೆ ಕಣ್ಣು ತುಂಬಿತ್ತು. ಹೆದರುವಂಥದ್ದು ಏನೋ ಇದೆ ಅಂತ ಅವಳಿಗೆ ತಿಳಿಸಿಕೊಟ್ಟವರೇ ನಾವು.

ವೇದಿಕೆ ಮೇಲೆ ಮೂರನೇ ಸಾಲಿಗೆ ಕೈ ನಿಂತಿತು. ಮತ್ತೆ ಮೊದಲಿನಿಂದ. ಮತ್ತೆ ಅದೇ ಜಾಗ. ನಡುವಿನಿಂದ ಎತ್ತಿಕೊಳ್ಳುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಬರೀ ಕೈರೂಢಿಯಿಂದ ನುಡಿಸುವಾಗ ಒಂದು ಸ್ವರ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ಒಂದು ತಪ್ಪಿದರೆ ಮುಗಿಯಿತು, ಹಿಡಿದುಕೊಳ್ಳಲು ಏನೂ ಇಲ್ಲ. ನಾಲ್ಕೈದು ಕಡೆ ಗುರುತು ಹಾಕಿ, "ಈಗ ಎರಡನೇ ಗುರುತಿನಿಂದ ನುಡಿಸು ನೋಡೋಣ" ಅಂತ ಮನೆಯಲ್ಲಿ ಆಟ ಆಡಿಸಿದ್ದರೆ ಸಾಕಿತ್ತು. ಅದನ್ನೆಲ್ಲ ಬಿಟ್ಟು, ಹೆದರಬೇಡವಂತೆ.

ಬೆರಳು ತಣ್ಣಗಾಗುವುದು, ಬಾಯಿ ಒಣಗುವುದು ಹೆದರಿದಾಗ ಮೈಯಲ್ಲಿ ಏರುವ ಅಡ್ರಿನಲಿನ್ ಅನ್ನುವ ಹಾರ್ಮೋನ್ ಮಾಡುವ ಕೆಲಸ. ಬೇಡ ಅಂದರೆ ನಿಲ್ಲುತ್ತದಾ? ಪಾಬ್ಲೊ ಕಸಾಲ್ಸ್ ಅಂಥ ಜಗತ್ಪ್ರಸಿದ್ಧ ಚೆಲ್ಲೋ (ದೊಡ್ಡ ಪಿಟೀಲಿನಂಥ ವಾದ್ಯ) ವಾದಕನಿಗೇ ಜೀವನವಿಡೀ ಈ ಭಯ ಬಿಡಲಿಲ್ಲ. ಈ ಮಗು ಎರಡು ನಿಮಿಷದಲ್ಲಿ ಬಿಡಬೇಕು! ಅದರ ಬದಲು ಕೈ ಉಜ್ಜಿ ಬೆಚ್ಚಗೆ ಮಾಡಿ. ಉಸಿರನ್ನು ನಿಧಾನವಾಗಿ ಹೊರಗೆ ಬಿಡಿಸಿ. "ಎದೆ ಡವಡವ ಅಂತಿದೆಯಾ? ನನಗೂ ಹಾಗೇ ಆಗುತ್ತೆ" ಅನ್ನಿ. ಹಾಂ, ಹೋದ ವಾರ ಕಲಿತ ಕಷ್ಟದ ಪಾಠ ಬೇಡ, ತಿಂಗಳುಗಟ್ಟಲೆ ನುಡಿಸಿ ನೀರು ಕುಡಿದಷ್ಟು ಸಲೀಸಾದದ್ದನ್ನು ಕೊಡಿ. ಟೀಚರ್ ಹೆಸರಿಗೆ ಸ್ವಲ್ಪ ಮೆರುಗು ಕಡಿಮೆಯಾದೀತು, ಆಗಲಿ.

"ನಾವೆಲ್ಲ ಹೀಗೇ ಕಲಿತು ಗಟ್ಟಿಯಾದವರು" ಅಂದರು ಪಕ್ಕದ ಸೀಟಿನವರು. ಹೌದಾ ಸ್ವಾಮಿ? ಪಿಟೀಲನ್ನು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿದವರು ಈ ಮಾತು ಹೇಳಲು ಇಲ್ಲಿಗೆ ಬರುವುದಿಲ್ಲವಲ್ಲ.

ಇಷ್ಟೆಲ್ಲ ಕೂಗಾಡಿದ ಮೇಲೆ ಒಂದು ಒಪ್ಪಿಕೊಳ್ಳಬೇಕು. ಏಳನೇ ಸಲ ಹೇಳಿದ್ದು ನಾನೇ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿಗೆ ಬೇರೆ ಮಾತೇ ಹೊಳೆಯಲಿಲ್ಲ.

ಭಾನುವಾರ ನನ್ನ ಕ್ಲಾಸಿನ ಮಕ್ಕಳನ್ನು ಖಾಲಿ ಹಾಲ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಸುಮ್ನೆ ನಡೆದು ಬರುವುದು, ನಮಸ್ಕಾರ ಮಾಡುವುದು, ಆ ಜೋರು ಲೈಟಿಗೆ ಕಣ್ಣು ಹೊಂದಿಸಿಕೊಳ್ಳುವುದು, ವಾಪಸ್ ಹೋಗುವುದು. ಅಷ್ಟೇ, ನುಡಿಸುವುದೇನೂ ಇಲ್ಲ. ವಿಡಿಯೋ ಮಾಡಲು ಬರುವ ಅಪ್ಪ ಅಮ್ಮಂದಿರು ದಯವಿಟ್ಟು ಹೊರಗೇ ಕೂತಿರಿ.