ಕೀರ್ದಿಯಲ್ಲಿ ಬರೆಯದೆ ಉಳಿದ ಸಾಲ

ಕ್ರಿಸ್ತನಲ್ಲಿ ಪಾಪಕ್ಷಮೆ ದೊರೆತ ಮೇಲೆ ಹಿಂದಿನದನ್ನೆಲ್ಲ ಮರೆತುಬಿಡಬೇಕು ಎಂದು ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಯಾರಾದರೂ ಸಾಕ್ಷಿ ಹೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಅವರ ಅನುಭವವನ್ನು ನಾನು ಸುಳ್ಳೆನ್ನುವುದಿಲ್ಲ. ಆದರೆ ಮರೆವು ಬೇರೆ, ಬಿಡುಗಡೆ ಬೇರೆ ಎಂಬುದು ಅರ್ಥವಾಗಲು ನನಗೆ ಇಪ್ಪತ್ತಮೂರು ವರ್ಷ ಹಿಡಿಯಿತು.

ನನ್ನ ಊರು ಗುಳೇದಗುಡ್ಡ. ಕುಪ್ಪಸದ ಖಣಕ್ಕೆ ಹೆಸರಾದ ಊರು. 1851ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಅಲ್ಲಿ ತನ್ನ ಕೇಂದ್ರವನ್ನು ತೆರೆಯಿತು, ಮುಂದಿನ ತಲೆಮಾರುಗಳಲ್ಲಿ ಕ್ರೈಸ್ತರಾದ ಮನೆತನಗಳಲ್ಲಿ ನಮ್ಮದೂ ಒಂದು. 1998ರಲ್ಲಿ ಪಿಯುಸಿ ಮುಗಿಸಿದ ನಾನು ನೂಲಿನ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೀರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಬರೆಯುವ ಕೆಲಸಕ್ಕೆ ಸೇರಿದೆ. ಬೆಳಗಾವಿಯ ಕಾಲೇಜಿನ ಪ್ರವೇಶಕ್ಕೆ ಹಣ ಸಾಲದಾಗ ಗಲ್ಲೆಯಿಂದ 1,800 ರೂಪಾಯಿ ತೆಗೆದುಕೊಂಡೆ. ತಿಂಗಳೊಪ್ಪತ್ತಿನಲ್ಲಿ ತಿರುಗಿ ಇಡುತ್ತೇನೆ ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ, ಇಡಲಿಲ್ಲ. ದೀಪಾವಳಿಗೆ ಲೆಕ್ಕ ಮುಗಿಸಿ ಹೊಸ ವಹಿಗೆ ಪೂಜೆ ಮಾಡುವ ಹೊತ್ತಿಗೆ ಕೊರತೆ ಹೊರಬಿತ್ತು. ಅಂಗಡಿಯ ಬಾಗಿಲು ತೆಗೆದು ಹಾಕುವ, ನೂಲಿನ ಗಂಟು ಹೊರುವ ಹಿರಿಯ ಆಳೊಬ್ಬರಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಸಂಶಯ ಅವರ ಮೇಲೆ ಹೋಯಿತು, ಅಂದೇ ಕೆಲಸದಿಂದ ತೆಗೆದರು. ಅವರು ಹೆಗಲ ಮೇಲಿನ ವಸ್ತ್ರ ಝಾಡಿಸಿ ಮೆಟ್ಟಿಲಿಳಿಯುವಾಗ ನಾನು ಪೆನ್ನು ಹಿಡಿದು ಕೂತಿದ್ದೆ.

ಮುಂದೆ ಬೆಳಗಾವಿಗೆ ಬಂದೆ, ಓದಿದೆ, ನೌಕರಿ ಹಿಡಿದೆ. ಭಾನುವಾರದ ಆರಾಧನೆ ತಪ್ಪಿಸಲಿಲ್ಲ. ಕಾಣಿಕೆಯ ಚೀಲಕ್ಕೆ ಉಳಿದವರಿಗಿಂತ ಹೆಚ್ಚು ಹಾಕುತ್ತಿದ್ದೆ, ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಕಾಲದಲ್ಲಿ ಕಟ್ಟುನಿಟ್ಟಾಗಿ ಉಪವಾಸವಿರುತ್ತಿದ್ದೆ. ಈಗ ತಿರುಗಿ ನೋಡಿದರೆ ಅದರಲ್ಲಿ ಭಕ್ತಿಗಿಂತ ವ್ಯವಹಾರವೇ ಹೆಚ್ಚು. ಕಾಕಾನಿಗೆ ಸಲ್ಲಬೇಕಾದದ್ದನ್ನು ದೇವರ ಖಾತೆಗೆ ಜಮಾ ಮಾಡಿ ಒಳಗೊಳಗೇ ತಾಳೆ ನೋಡುತ್ತಿದ್ದೆ. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು: ತಪ್ಪಿತಸ್ಥನೆಂಬ ಆ ನೋವನ್ನು ನಾನು ಬಹಳ ಜೋಪಾನವಾಗಿ ಸಾಕಿಕೊಂಡಿದ್ದೆ. ಇಷ್ಟು ನೊಂದುಕೊಳ್ಳುವವನು ಪೂರ್ತಿ ಕೆಟ್ಟವನಾಗಿರಲಾರ ಎಂಬ ಸಮಾಧಾನ ಅದರಲ್ಲಿತ್ತು. ಅಷ್ಟೂ ವರ್ಷ ನಾನು ಯೋಚಿಸಿದ್ದು ನನ್ನ ಬಗ್ಗೆ; ಕಾಕಾನ ಮನೆಯಲ್ಲಿ ಆ ದೀಪಾವಳಿ ಹೇಗೆ ಕಳೆಯಿತೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ‘ನಮ್ಮ ತಪ್ಪುಗಳನ್ನು ಕ್ಷಮಿಸು’ ಎನ್ನುವ ಸ್ಥಳದಲ್ಲಿ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿರುವ ಪದದ ಅರ್ಥ ಸಾಲ ಎಂದು ನಮ್ಮ ಸಭಾಪಾಲಕರು ಒಮ್ಮೆ ಪ್ರಸಂಗದಲ್ಲಿ ವಿವರಿಸಿದರು. ಕೀರ್ದಿ ಬರೆದ ಕೈಗೆ ಆ ಒಂದು ಪದ ಸಾಕಾಯಿತು. ಆ ವಾರವೇ ನಾನು ಸುವಾರ್ತೆಗಳಲ್ಲಿ ಹಣ ಹಿಂತಿರುಗಿಸಿದ ಇಬ್ಬರ ಕಥೆಯನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದೆ.

ಒಬ್ಬ, ಹಣಕ್ಕಾಗಿ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದ. ಅವನು ಪಶ್ಚಾತ್ತಾಪಪಡಲಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಮತ್ತಾಯನ 27ನೆಯ ಅಧ್ಯಾಯ ಹಾಗೆ ಹೇಳುವುದಿಲ್ಲ. ನಿರಪರಾಧಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆನೆಂದು ಅವನು ಬಾಯಿಬಿಟ್ಟು ಒಪ್ಪಿಕೊಂಡ, ಮೂವತ್ತು ಬೆಳ್ಳಿ ನಾಣ್ಯಗಳನ್ನೂ ಮಹಾಯಾಜಕರ ಮುಂದೆ ತಂದ. ಅರಿಕೆ ಇತ್ತು, ಹಣವೂ ಹಿಂದೆ ಬಂತು. ಅದು ನಮಗೇನು, ನೀನೇ ನೋಡಿಕೋ ಎಂದು ಅವರು ಕೈತೊಳೆದುಕೊಂಡರು. ಅವನು ಹೋಗಿ ಉರುಲು ಹಾಕಿಕೊಂಡ.

ಇನ್ನೊಬ್ಬ ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ ಜಕ್ಕಾಯ. ಮರವೇರಿ ಕೂತಿದ್ದ ಅವನನ್ನು ಯೇಸು ಕರೆದು, ಇಂದು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದ. ಆಗಿನ್ನೂ ಜಕ್ಕಾಯ ಒಂದು ಕಾಸನ್ನೂ ಹಿಂತಿರುಗಿಸಿರಲಿಲ್ಲ, ಹಿಂತಿರುಗಿಸುತ್ತೇನೆಂದು ಮಾತನ್ನೂ ಕೊಟ್ಟಿರಲಿಲ್ಲ. ಅತಿಥಿ ಬಂದದ್ದು ಮೊದಲು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ಅವನು ಎದ್ದು ನಿಂತು ಹೇಳಿದ್ದು ಆಮೇಲೆ. ಇಂಥ ತಪ್ಪಿಗೆ ಬೈಬಲಿನ ಅರಣ್ಯಕಾಂಡದ 5ನೆಯ ಅಧ್ಯಾಯ ಕೇಳುವುದು ಮೂಲಧನ ಮತ್ತು ಅದರ ಐದನೆಯ ಒಂದು ಪಾಲು ಮಾತ್ರ. ಅವನನ್ನು ಕಾನೂನು ದಬ್ಬುತ್ತಿರಲಿಲ್ಲ.

ನಾನು ಇಷ್ಟು ವರ್ಷ ಯೂದನ ದಾರಿಯಲ್ಲಿದ್ದೆ, ಅವನಿಗಿದ್ದ ಧೈರ್ಯವೂ ಇಲ್ಲದೆ. ಮೊದಲು ತೀರಿಸಬೇಕು, ಆಮೇಲೆ ಕ್ಷಮೆ ಕೇಳುವ ಮುಖ ಬರುತ್ತದೆ ಎಂದುಕೊಂಡಿದ್ದೆ. ತೀರಿಸಲು ಹೋಗಲು ಅದೇ ಮುಖವಿಲ್ಲದೆ ಕೂತಿದ್ದೆ. ದೇವರು ಶಿಲುಬೆಯ ಮೇಲೆ ನನ್ನನ್ನು ಆಗಲೇ ಸ್ವೀಕರಿಸಿಯಾಗಿದೆ ಎಂದು ನಂಬಿದ ದಿನ ಕಾಕಾನ ಸಾಲ ಮಾಯವಾಗಲಿಲ್ಲ, ಅದರ ಮೊತ್ತವನ್ನು ಗಟ್ಟಿಯಾಗಿ ಓದುವ ಧೈರ್ಯ ಬಂತು. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗು ಎಂದು ಯೇಸು ಹೇಳಿದ್ದನ್ನು ನಾನು ನೂರು ಸಲ ಕೇಳಿದ್ದೆ. (ನನ್ನ ಕ್ಯಾಥೋಲಿಕ್ ಗೆಳೆಯನ ಪ್ರಕಾರ ಪಾಪನಿವೇದನೆಯಲ್ಲಿ ಕಳ್ಳತನ ಹೇಳಿಕೊಂಡವನಿಗೆ ಪಾದ್ರಿಗಳು ಕದ್ದದ್ದನ್ನು ಹಿಂತಿರುಗಿಸುವ ಮಾತನ್ನು ತಪ್ಪದೆ ಹೇಳುತ್ತಾರೆ. ಈ ವಿಷಯದಲ್ಲಿ ಪ್ರೊಟೆಸ್ಟಂಟರಾದ ನಾವು ಅವರಿಂದ ಕಲಿಯುವುದಿದೆ.)

2021ರ ಕೊನೆಯಲ್ಲಿ ಯರಗಟ್ಟಿ, ಲೋಕಾಪುರ ದಾಟಿ ಊರಿಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಗುರುತು ಹಿಡಿದು ಚಹಾ ತರಿಸಿದರು. ನಾನು ಹೇಳುವುದನ್ನೆಲ್ಲ ಹೇಳಿ, ಹಣದ ಲಕೋಟೆ ಅವರ ಪಕ್ಕದಲ್ಲಿಟ್ಟೆ. ಬಹಳ ಹೊತ್ತು ಅವರು ಮಾತಾಡಲಿಲ್ಲ. ಕ್ಷಮಿಸಿದೆ ಎಂಬ ಮಾತನ್ನು ನಾನು ನಿರೀಕ್ಷಿಸಿದ್ದೆ ಎಂಬುದೇ ನನಗೆ ಆಗ ನಾಚಿಕೆ ತಂದಿತು.

“ಇದನ್ನ ನಮ್ಮ ಮನಿಯಾಕಿ ಕೇಳಬೇಕಾಗಿತ್ತು ತಮ್ಮಾ. ಮಂದಿ ಆಡಿಕೊಂಡಾಗ ನನಕಿಂತ ಆಕೀನ ಭಾಳ ಅತ್ತಾಳ. ಹೋಗಿ ಆರು ವರ್ಷ ಆತು,” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಆ ಸಾಲವನ್ನು ನಾನು ತೀರಿಸಲಾರೆ. ಅದನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ಸುಲಭವಾಗಿ ಒಪ್ಪಿಸಿದೆನೆಂದು ಹೇಳಲಾರೆ. ಲಕೋಟೆಯನ್ನು ಅವರು ತೆರೆಯಲಿಲ್ಲ. ವ್ಯಾಪಾರಿ ತೀರಿಕೊಂಡಿದ್ದಾರೆಂದೂ ಈಗ ಮಗ ಅಂಗಡಿ ನಡೆಸುತ್ತಾನೆಂದೂ ಹೇಳಿ, “ರೊಕ್ಕ ಇರಲಿ. ನನಗ ಹೇಳಿದ್ದನ್ನ ಅಲ್ಲಿ ಬಂದು ನಾಕು ಮಂದಿ ಮುಂದ ಹೇಳತೀಯೇನು?” ಎಂದು ಕೇಳಿದರು. ಹೇಳುತ್ತೇನೆ ಕಾಕಾ ಎಂದೆ. ಅವರು ಒಳಗೆ ಹೋಗಿ ಒಗೆದ ಧೋತರ ಉಟ್ಟು, ರುಮಾಲು ಸುತ್ತಿಕೊಂಡು ಬಂದರು. ಇಬ್ಬರೂ ಪೇಟೆಯ ಕಡೆಗೆ ನಡೆದೆವು.